ಬೆಳಗಿನ ಜಾವದ ಚಳಿಗೆ ಲಾರಿ ಸ್ಟಾರ್ಟ್ ಆಗುತ್ತಿಲ್ಲ, ಬಿಸಿಲು ಬಂದ ಮೇಲೆ ಸರಿ. ಎಲ್ಲಿಂದ ಹುಡುಕಬೇಕು?

ದುರ್ಗದ ಲಾರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ. ಸ್ವಂತ ಲಾರಿ, ನಾನೇ ಓಡಿಸುವುದು. ಆರು ಚಕ್ರದ್ದು, 2014ರ ಮಾಡೆಲ್, ಬಿಎಸ್ 3 (ಹಳೆಯ ಹೊಗೆ ನಿಯಮದ್ದು), ಆರು ಸಿಲಿಂಡರ್ ಟರ್ಬೊ, ಇನ್‌ಲೈನ್ ಡೀಸೆಲ್ ಪಂಪ್ (ಹಳೆಯ ಮೆಕ್ಯಾನಿಕಲ್ ಪಂಪ್). ಸೆನ್ಸರ್, ಇಸಿಎಂ (ಎಂಜಿನ್ ಕಂಪ್ಯೂಟರ್) ಅಂತ ಏನೂ ಇಲ್ಲ. ಈ ಸೀಸನ್‌ನಲ್ಲಿ ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ, ಚಳ್ಳಕೆರೆ ಕಡೆಯಿಂದ ಶೇಂಗಾ, ಸಿಕ್ಕಿದರೆ ಯಶವಂತಪುರಕ್ಕೆ ಈರುಳ್ಳಿ.

ತೊಂದರೆ ಏನಪ್ಪಾ ಅಂದರೆ, ಚಳಿ ಶುರುವಾದಾಗಿಂದ ಬೆಳಗಿನ ಜಾವ ಗಾಡಿ ಹಿಡಿಯುತ್ತಿಲ್ಲ. ಸೆಲ್ಫ್ ಹೊಡೆದರೆ ತಿರುಗುತ್ತೆ, ಆದರೆ ಬೇಸಿಗೆಯಲ್ಲಿ ತಿರುಗುವ ಜೋರು ಇಲ್ಲ. ಮೊದಲು ಸೈಲೆನ್ಸರ್‌ನಲ್ಲಿ ಹೊಗೆಯೇ ಬರುವುದಿಲ್ಲ. ಹೊಡೆಯುತ್ತಾ ಹೋದರೆ ಆಮೇಲೆ ಬಿಳಿ ಹೊಗೆ ಬರುತ್ತೆ, ಒಂದೆರಡು ಸಿಲಿಂಡರ್ ಢಗ್ ಢಗ್ ಅಂತ ಹಿಡಿದ ಹಾಗೆ ಆಗಿ ಬಿಟ್ಟುಬಿಡುತ್ತೆ. ಅಷ್ಟರಲ್ಲಿ ಬ್ಯಾಟರಿ ಸುಸ್ತಾಗಿರುತ್ತೆ. ಪಕ್ಕದ ಗಾಡಿಯಿಂದ ಕೇಬಲ್ ಕೊಡಿಸಿಕೊಂಡು ಸ್ಟಾರ್ಟ್ ಮಾಡಬೇಕು, ಇಲ್ಲವಾದರೆ ಬಿಸಿಲು ಏರುವ ತನಕ ಕಾಯಬೇಕು. ಒಂದು ಸಲ ಹಿಡಿಯಿತು ಅಂದರೆ ಮುಗಿಯಿತು, ಇಡೀ ದಿನ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಎಳೆತ ಚೆನ್ನಾಗಿದೆ, ಮೈಲೇಜ್ ಕಡಿಮೆ ಆಗಿಲ್ಲ, ಕಪ್ಪು ಹೊಗೆ ಇಲ್ಲ, ಎಂಜಿನ್ ಆಯಿಲ್ ಇಳಿಯುವುದೂ ಇಲ್ಲ.

ಒಬ್ಬ ಮೆಕ್ಯಾನಿಕ್ ಎರಡೂ ಬ್ಯಾಟರಿ ಬದಲಾಯಿಸು ಅನ್ನುತ್ತಾರೆ. ಇನ್ನೊಬ್ಬರು ಪಂಪ್ ಇಳಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಪಡಿಸುವುದು) ಮಾಡಿಸು ಅನ್ನುತ್ತಾರೆ. ಮೂರನೆಯವರು ಹೊಗೆ ನೋಡಿದವರೇ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಹೋಗಿದೆ, ಹಾಫ್ ಎಂಜಿನ್ ಕೆಲಸ (ಎಂಜಿನ್ ಬಿಚ್ಚಿ ರಿಂಗ್, ಲೈನರ್ ಬದಲಾಯಿಸುವುದು) ಆಗಲೇಬೇಕು ಅಂದರು. ಮೂರಕ್ಕೂ ದುಡ್ಡು ಹಾಕುವ ಶಕ್ತಿ ನನಗಿಲ್ಲ. ಬೆಳಗ್ಗೆ ಲೋಡಿಂಗ್‌ಗೆ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಹಮಾಲರು ಬೇರೆ ಗಾಡಿಗೆ ಹೋಗುತ್ತಾರೆ, ಅಲ್ಲಿಗೆ ಆ ದಿನದ ಬಾಡಿಗೆ ಹೋದಂತೆ.

ಬ್ಯಾಟರಿ ವಿಷಯ ಹೇಳಬೇಕು ಅಂದರೆ, ಒಂದು ಕಳೆದ ಮಳೆಗಾಲದಲ್ಲಿ ಹಾಕಿದ್ದು, ಇನ್ನೊಂದು ಹಳೆಯದು. ಡೀಸೆಲ್ ಫಿಲ್ಟರ್ ಹೊಸದು. ಸ್ಟ್ಯಾಂಡ್‌ನಲ್ಲಿ ಒಬ್ಬರು ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸು ಅಂದರು, ಇನ್ನೊಬ್ಬರು ಏರ್ ಕ್ಲೀನರ್‌ಗೆ ಹೊಡೆಯುವ ಸ್ಪ್ರೇ ಬರುತ್ತೆ ಅಂದರು. ನನಗೆ ಬೇಕಾಗಿರುವುದು ಇಷ್ಟೇ: ಯಾವುದನ್ನು ಮೊದಲು ನೋಡಬೇಕು, ಹೇಗೆ ನೋಡಬೇಕು. ತಿಳಿದವರು ಹೇಳಿ.

ಪಿಕಪ್ ಹೊಳಲ್ಕೆರೆ

ಅಣ್ಣ, ಹೀಟರ್ ಪ್ಲಗ್ ನೋಡಿಸಿ. ನನ್ನ ಪಿಕಪ್‌ದೂ ಇದೇ ಕಥೆ ಇತ್ತು, ಚಳಿಗಾಲದಲ್ಲಿ ಮಾತ್ರ ತೊಂದರೆ, ಮಧ್ಯಾಹ್ನ ಸರಿ. ನಾಲ್ಕರಲ್ಲಿ ಎರಡು ಪ್ಲಗ್ ಸುಟ್ಟಿದ್ದವು. ಬದಲಾಯಿಸಿದ ಮೇಲೆ ಒಂದೇ ಸೆಲ್ಫ್‌ಗೆ ಹಿಡಿಯುತ್ತೆ.

ಹರಿಹರ ಆಟೊ ಎಲೆಕ್ಟ್ರಿಕಲ್

ಅಣ್ಣ, ಪಂಪ್ ಇಳಿಸುವ ಮಾತು ಈಗ ಬೇಡವೇ ಬೇಡ. ನೀವು ಬರೆದಿರುವುದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಎರಡು ಮಾತು. "ಬೇಸಿಗೆಯಲ್ಲಿ ತಿರುಗುವ ಜೋರು ಇಲ್ಲ", "ಒಂದು ಬ್ಯಾಟರಿ ಹೊಸದು, ಒಂದು ಹಳೆಯದು". ಮೊದಲು ಅಲ್ಲಿಂದ ಬನ್ನಿ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಇಲ್ಲ, ಅದು ಎಲ್ಲರಿಗೂ ಗೊತ್ತು. ಪಿಸ್ಟನ್ ಗಾಳಿಯನ್ನು 17-18 ಪಟ್ಟು ಒತ್ತಿದಾಗ ಆ ಗಾಳಿಯೇ 500 ಡಿಗ್ರಿ ದಾಟಿ ಕಾಯುತ್ತೆ, ಅದರೊಳಗೆ ಡೀಸೆಲ್ ಬಿದ್ದರೆ ಹೊತ್ತಿಕೊಳ್ಳುತ್ತೆ. ಆದರೆ ಒತ್ತುವುದು ನಿಧಾನವಾದರೆ ಆ ಶಾಖವನ್ನು ತಣ್ಣಗಿರುವ ಲೈನರ್ (ಸಿಲಿಂಡರಿನ ಒಳಗೋಡೆ), ಹೆಡ್ ಹೀರಿಕೊಂಡುಬಿಡುತ್ತೆ, ಗಾಳಿಯೂ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ಜಾರುತ್ತೆ. ನಿಮಿಷಕ್ಕೆ ನೂರು ಸುತ್ತು ಕೂಡ ತಿರುಗಿಸದ ಸೆಲ್ಫ್ ಇದ್ದರೆ ಎಂಥ ಒಳ್ಳೆಯ ಎಂಜಿನ್ ಆದರೂ ಚಳಿಯಲ್ಲಿ ಬಿಳಿ ಹೊಗೆ ಬಿಡುತ್ತಾ ಕೂರುತ್ತೆ. ಬಿಳಿ ಹೊಗೆ ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಅದನ್ನು ನೋಡಿ ನೇರ ಹಾಫ್ ಎಂಜಿನ್ ಅನ್ನುವುದು ಅವಸರದ ಮಾತು.

ಒಂದು ಸಾದಾ ಡಿಜಿಟಲ್ ಮೀಟರ್ ತಗೊಳ್ಳಿ. ಬೆಳಗ್ಗೆ ಕೀ ಹಾಕುವ ಮೊದಲೇ ಒಂದೊಂದು ಬ್ಯಾಟರಿಯನ್ನೂ ಬೇರೆ ಬೇರೆ ಅಳೆಯಿರಿ. ರಾತ್ರಿ ಗಾಡಿ ನಿಲ್ಲಿಸಿದ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಬರುತ್ತೆ. 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕೆ ಬಂದಿದ್ದರೆ ಅದರಲ್ಲಿ ಏನೂ ಇಲ್ಲ ಅಂತ ತಿಳಿಯಿರಿ. ಆಮೇಲೆ ಯಾರನ್ನಾದರೂ ಸೆಲ್ಫ್ ಹೊಡೆಯಲು ಕೂರಿಸಿ, ಆ ಹೊತ್ತಿನಲ್ಲೇ ಎರಡನ್ನೂ ಸೇರಿಸಿ ನೋಡಿ. 24 ವೋಲ್ಟ್ ಗಾಡಿ 19ಕ್ಕಿಂತ ಕೆಳಗೆ ಬೀಳಬಾರದು. ಸೀರೀಸ್‌ನಲ್ಲಿರುವ (ಒಂದರ ಹಿಂದೆ ಒಂದು ಜೋಡಿಸಿದ) ಎರಡು ಬ್ಯಾಟರಿಯಲ್ಲಿ ಒಂದು ಬಡವಾದರೆ ಹೊಸದೂ ಅದರ ಮಟ್ಟಕ್ಕೇ ದುಡಿಯಬೇಕು. ಚಾರ್ಜ್ ಆಗುವಾಗಲೂ ಅಷ್ಟೇ, ಹಳೆಯದು ಪೂರ್ತಿ ತುಂಬುವುದಿಲ್ಲ, ಹೊಸದಕ್ಕೆ ಜಾಸ್ತಿ ಬಿದ್ದು ನೀರು ಕುದಿಯುತ್ತೆ. ಅದಕ್ಕೇ ಜೋಡಿ ಬ್ಯಾಟರಿಯನ್ನು ಜೊತೆಯಾಗಿಯೇ ಬದಲಾಯಿಸಿ ಅಂತ ನಾವು ಬಾಯಿ ಬಡಿದುಕೊಳ್ಳುವುದು.

ಇನ್ನೊಂದು ಮುಖ್ಯವಾದ ವಿಷಯ. ಟೇಪು, ಮೊಬೈಲ್ ಚಾರ್ಜರ್, ಕ್ಯಾಬಿನ್ ಫ್ಯಾನ್‌ಗೆ 12 ವೋಲ್ಟ್ ಬೇಕು ಅಂತ ಒಂದೇ ಬ್ಯಾಟರಿಯಿಂದ ವೈರ್ ಎಳೆದಿದ್ದಾರಾ ನೋಡಿ. ನಮ್ಮ ಕಡೆ ಮುಕ್ಕಾಲು ಗಾಡಿಗಳಲ್ಲಿ ಇದೇ ಇರುತ್ತೆ. ಆ ಒಂದು ಬ್ಯಾಟರಿ ದಿನಾ ರಾತ್ರಿ ಖಾಲಿಯಾಗುತ್ತೆ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಡೈನಮೊ) ಎರಡಕ್ಕೂ ಒಂದೇ ಸಮ ಕೊಡುತ್ತೆ, ಹಾಗಾಗಿ ಅದು ಯಾವತ್ತೂ ತುಂಬುವುದೇ ಇಲ್ಲ. 24ರಿಂದ 12 ಮಾಡುವ ಕನ್ವರ್ಟರ್ ಸಿಗುತ್ತೆ, ಹಾಕಿಸಿ.

ಆಮೇಲೆ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಪೋಸ್ಟ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣ ಇಲ್ಲದ ಜಾಗಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೇಬಲ್ ಕರೆಂಟ್ ತಿನ್ನುತ್ತಿದೆ. ಎಂಜಿನ್‌ಗೂ ಚಾಸಿಗೂ ಮಧ್ಯೆ ಇರುವ ಹೆಣೆದ ಪಟ್ಟಿಯನ್ನು ಬಿಚ್ಚಿ, ಎರಡೂ ಕಡೆ ಎಮರಿ ಪೇಪರ್‌ನಿಂದ ಉಜ್ಜಿ, ಬಿಗಿಯಾಗಿ ಕಟ್ಟಿ. ಪ್ಲಸ್ ಕಡೆಯ ಕೇಬಲ್ ಲಗ್ಗನ್ನೂ ಕೈಯಲ್ಲಿ ಮುಟ್ಟಿ ನೋಡಿ, ಸೆಲ್ಫ್ ಹೊಡೆದ ಮೇಲೆ ಬಿಸಿ ಇದ್ದರೆ ಅಲ್ಲೇ ದೋಷ. ಇಷ್ಟು ನೋಡಿದ ಮೇಲೂ ಸೆಲ್ಫ್ ನಿಧಾನವಾಗಿದ್ದರೆ ಆಗ ಸೆಲ್ಫ್ ಮೋಟಾರ್ ಇಳಿಸಿ ಕಾರ್ಬನ್ ಬ್ರಶ್, ಬುಶ್ ನೋಡಿಸಿ.

ಒಂದೇ ಉಸಿರಿಗೆ ಸೆಲ್ಫ್ ಹಿಡಿದುಕೊಂಡು ಕೂರಬೇಡಿ. ಹತ್ತು ಹದಿನೈದು ಸೆಕೆಂಡು ಹೊಡೆಯಿರಿ, ಒಂದು ನಿಮಿಷ ಬಿಡಿ. ಆ ಒಂದು ನಿಮಿಷದಲ್ಲಿ ಬ್ಯಾಟರಿ ಚೇತರಿಸಿಕೊಳ್ಳುತ್ತೆ, ಮೋಟಾರೂ ಆರುತ್ತೆ.

ಡೀಸೆಲ್ ಮೇಸ್ತ್ರಿ, ದಾವಣಗೆರೆ

ಮೊದಲು ಹೀಟರ್ ಪ್ಲಗ್ ವಿಷಯ ಹೇಳಿಬಿಡುತ್ತೇನೆ. ಹೊಳಲ್ಕೆರೆ ತಮ್ಮ ಹೇಳಿದ್ದು ಅವರ ಪಿಕಪ್‌ಗೆ ಸರಿ. ಸಣ್ಣ ಗಾಡಿಗಳಲ್ಲಿ ಸಿಲಿಂಡರಿಗೆ ಒಂದೊಂದು ಪ್ಲಗ್ ಇರುತ್ತೆ. ನಿಮ್ಮಂಥ ದೊಡ್ಡ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಲವಕ್ಕೆ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್‌ನಲ್ಲಿ ಒಂದು ಹೀಟರ್ ಕೊಟ್ಟಿರುತ್ತಾರೆ ಅಷ್ಟೇ. ನಮ್ಮ ಊರಿನ ಚಳಿಗೆ ಅದೂ ಬೇಕಾಗುವುದಿಲ್ಲ.

ಈ ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ದುರ್ಗದ ಚಳಿ ಡೀಸೆಲ್ ಎಂಜಿನ್ ನಿಲ್ಲಿಸುವ ಚಳಿಯೇ ಅಲ್ಲ. ಜೋಗಿಮಟ್ಟಿ ಕಡೆಯ ಗಾಳಿ ಬೀಸಿ ಬೆಳಗ್ಗೆ 12-13 ಡಿಗ್ರಿಗೆ ಇಳಿದರೂ ಸರಿಯಾಗಿರುವ ಎಂಜಿನ್ ಎರಡು ಮೂರು ಸುತ್ತಿಗೆ ಹಿಡಿಯಬೇಕು. ಹಿಡಿಯದಿದ್ದರೆ ಎಲ್ಲೋ ಒಂದು ಸಣ್ಣ ದೋಷ ಬೇಸಿಗೆಯಲ್ಲೇ ಇತ್ತು, ಬಿಸಿ ಅದನ್ನು ಮುಚ್ಚಿಟ್ಟಿತ್ತು. ಆದ್ದರಿಂದ ಚಳಿಗೆ ಮದ್ದು ಹುಡುಕಬೇಡಿ, ದೋಷ ಹುಡುಕಿ. ಸೀಮೆಎಣ್ಣೆ, ಸ್ಪ್ರೇ ಎರಡೂ ಚಳಿಗೆ ಮದ್ದು ಅಂತ ಹೇಳುವವರ ಸಲಹೆ.

ಹರಿಹರದವರು ಹೇಳಿದ ಕರೆಂಟ್ ಕೆಲಸ ನೂರಕ್ಕೆ ನೂರು ಸರಿ, ಮೊದಲು ಅದನ್ನು ಮುಗಿಸಿ. ನಾನು ಡೀಸೆಲ್ ಕಡೆ ಹೇಳುತ್ತೇನೆ, ಯಾಕೆಂದರೆ ನೀವು ಬರೆದ ಇನ್ನೊಂದು ಮಾತನ್ನು ಯಾರೂ ಹಿಡಿಯಲಿಲ್ಲ: "ಮೊದಲು ಹೊಗೆಯೇ ಬರುವುದಿಲ್ಲ". ಸೆಲ್ಫ್ ತಿರುಗುತ್ತಾ ಇದ್ದು ಹೊಗೆ ಇಲ್ಲ ಅಂದರೆ ಆ ಹೊತ್ತಿನಲ್ಲಿ ನಾಜಲ್‌ವರೆಗೆ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ತುದಿ) ಡೀಸೆಲ್ ಹೋಗಿಲ್ಲ. ಅಂದರೆ ರಾತ್ರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ, ಜಾಗದಲ್ಲಿ ಗಾಳಿ ತುಂಬಿದೆ. ನೀವು ಸೆಲ್ಫ್ ಹೊಡೆದು ಹೊಡೆದು ಆ ಗಾಳಿಯನ್ನು ತಳ್ಳಿ ಡೀಸೆಲ್ ತರುವ ಹೊತ್ತಿಗೆ ಬ್ಯಾಟರಿ ಮುಗಿದಿರುತ್ತೆ, ಸೆಲ್ಫ್ ನಿಧಾನ ಆಗಿರುತ್ತೆ, ಆಗ ಡೀಸೆಲ್ ಬಂದರೂ ಉರಿಯುವುದಿಲ್ಲ. ಬಿಳಿ ಹೊಗೆ ಅದೇ. ಎರಡು ಸಣ್ಣ ದೋಷ ಸೇರಿ ಒಂದು ದೊಡ್ಡ ಕಾಯಿಲೆ ಥರ ಕಾಣಿಸುತ್ತಿದೆ ಅಂತ ನನ್ನ ಅಂದಾಜು.

ಪರೀಕ್ಷೆ ಸುಲಭ, ದುಡ್ಡೂ ಬೇಡ. ನಾಳೆ ಬೆಳಗ್ಗೆ ಸೆಲ್ಫ್ ಮುಟ್ಟುವ ಮೊದಲು ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಹೀರುವ ಸಣ್ಣ ಪಂಪ್) ಮೇಲಿರುವ ಹ್ಯಾಂಡ್ ಪಂಪ್ ಹೊಡೆಯಿರಿ. ಎರಡು ಮೂರು ಹೊಡೆತಕ್ಕೇ ಗಟ್ಟಿಯಾದರೆ ಲೈನ್ ತುಂಬಿದೆ, ನನ್ನ ಅಂದಾಜು ತಪ್ಪು. ಹೊಡೆದಷ್ಟೂ ಸಡಿಲವಾಗಿಯೇ ಹೋಗುತ್ತಿದ್ದು, ತುಂಬಾ ಹೊತ್ತಿನ ಮೇಲೆ ಗಟ್ಟಿಯಾದರೆ ಡೀಸೆಲ್ ವಾಪಸ್ ಹೋಗಿತ್ತು ಅಂತಲೇ. ಗಟ್ಟಿಯಾಗುವ ತನಕ ಹೊಡೆದು, ಫಿಲ್ಟರ್ ಹೆಡ್ಡಿನ ಏರ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ, ಆಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಹಳೆಯ ಮೆಕ್ಯಾನಿಕಲ್ ಪಂಪ್ ಸ್ಟಾರ್ಟಿಂಗ್‌ಗೆ ಜಾಸ್ತಿ ಡೀಸೆಲ್ ಕೊಡುವುದು ಪೆಡಲ್ ಪೂರ್ತಿ ಒತ್ತಿದಾಗಲೇ. ಎಷ್ಟೋ ಡ್ರೈವರ್‌ಗಳು ಕಾಲು ಇಡದೆ ಸೆಲ್ಫ್ ಹೊಡೆಯುತ್ತಾರೆ. ಹಿಡಿದ ಕೂಡಲೇ ಮಾತ್ರ ಕಾಲು ತೆಗೆಯಬೇಕು, ಟರ್ಬೊಗೆ ಆಯಿಲ್ ತಲುಪುವ ಮೊದಲೇ ರೇಸ್ ಮಾಡಿದರೆ ಅದರ ಬುಶ್ ಹೋಗುತ್ತೆ.

ಗಾಳಿ ಎಲ್ಲಿಂದ ಬರುತ್ತೆ ಅಂತ ಹುಡುಕುವುದು ಸ್ವಲ್ಪ ತಾಳ್ಮೆಯ ಕೆಲಸ. ಫೀಡ್ ಪಂಪಿನಿಂದ ಮುಂದೆ, ಅಂದರೆ ಫಿಲ್ಟರ್ ಕಡೆ, ಲೈನ್‌ನಲ್ಲಿ ಒತ್ತಡ ಇರುತ್ತೆ. ಅಲ್ಲಿ ಲೀಕ್ ಇದ್ದರೆ ಡೀಸೆಲ್ ಹೊರಗೆ ಜಿನುಗಿ ಧೂಳು ಹಿಡಿದಿರುತ್ತೆ, ಕಣ್ಣಿಗೆ ಕಾಣುತ್ತೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಹೀರುವ ಕಡೆ. ಅಲ್ಲಿ ಸಂದಿ ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತೆ. ಒಣಗಿದ ಹಾಗೆ ಕಾಣುವ ಜಾಯಿಂಟೇ ಕಳ್ಳ. ಸೆಡಿಮೆಂಟರ್ ಬೌಲಿನ (ಡೀಸೆಲ್‌ನ ನೀರು, ಕಸ ಕೆಳಗೆ ನಿಲ್ಲುವ ಬಟ್ಟಲು) ರಬ್ಬರ್ ವಾಷರ್, ಬ್ಯಾಂಜೊ ಬೋಲ್ಟಿನ (ಪೈಪ್ ಕೂರಿಸುವ ತೂತಿನ ಬೋಲ್ಟ್) ಕಾಪರ್ ವಾಷರ್, ಹ್ಯಾಂಡ್ ಪಂಪಿನ ಸೀಲ್, ಟ್ಯಾಂಕ್ ಹತ್ತಿರದ ರಬ್ಬರ್ ಹೋಸ್, ಈ ನಾಲ್ಕು ಕಡೆ ನೋಡಿ. ರಬ್ಬರ್ ಹಳೆಯದಾದರೆ ಚಳಿಗೆ ಗಟ್ಟಿಯಾಗಿ ಕ್ಲಿಪ್ಪಿನ ಕೆಳಗೆ ಸಂದಿ ಬಿಡುತ್ತೆ, ಎಂಜಿನ್ ಬಿಸಿಯಾದಾಗ ಮೆತ್ತಗಾಗಿ ಕೂರುತ್ತೆ. ಅದಕ್ಕೇ ನಿಮಗೆ ಹಗಲೆಲ್ಲ ಸರಿ ಇರುವುದು. ಗೊತ್ತಾಗದಿದ್ದರೆ ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿ, ಗುಳ್ಳೆ ಓಡಾಡುವುದು ಕಾಣುತ್ತೆ. ಎಲ್ಲ ಜಾಯಿಂಟ್ ಸರಿ ಇದ್ದೂ ವಾಪಸ್ ಇಳಿಯುತ್ತಿದ್ದರೆ ಫೀಡ್ ಪಂಪಿನ ಒಳಗಿನ ನಾನ್ ರಿಟರ್ನ್ ವಾಲ್ವಿಗೆ ಕಸ ಸಿಕ್ಕಿರುತ್ತೆ. ಆಗಲೂ ದೊಡ್ಡ ಪಂಪ್ ಇಳಿಸುವುದು ಬೇಡ, ಫೀಡ್ ಪಂಪ್ ಒಂದನ್ನೇ ಬಿಚ್ಚಿ ತೊಳೆಯಬಹುದು.

ಇನ್ನೊಂದು ಸಣ್ಣ ಕೆಲಸ. ಪಂಪಿನ ಸ್ಟಾಪ್ ಲಿವರ್ (ಡೀಸೆಲ್ ನಿಲ್ಲಿಸಿ ಎಂಜಿನ್ ಬಂದ್ ಮಾಡುವ ಕಡ್ಡಿ) ಕೈಯಲ್ಲಿ ಆಡಿಸಿ ನೋಡಿ. ಸ್ಟಾಪ್ ಕೇಬಲ್‌ನಲ್ಲಿ ಧೂಳು, ಹಳೆಯ ಗ್ರೀಸ್ ಸೇರಿ ಚಳಿಗೆ ಬಿಗಿಯಾದರೆ ಲಿವರ್ ಪೂರ್ತಿ ವಾಪಸ್ ಬರುವುದಿಲ್ಲ, ಪಂಪ್ ಅರ್ಧ ಬಂದ್ ಆಗಿಯೇ ಇರುತ್ತೆ. ಇದೊಂದಕ್ಕೇ ನಾಜಲ್, ಪಂಪ್ ಎಲ್ಲ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಆಲ್ ಇಂಡಿಯಾ ಪರ್ಮಿಟ್, ಹಿರಿಯೂರು

ಮೇಸ್ತ್ರಿ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ, ಯಾಕೆಂದರೆ ಈ ಸೀಮೆಎಣ್ಣೆ ಮಾತು ಬಂದಾಗಲೆಲ್ಲ ನನಗೆ ಸಂಕಟ ಆಗುತ್ತೆ. ನಾನು ಉತ್ತರದ ಕಡೆ ಗಾಡಿ ಓಡಿಸಿದವನು. ನಿಜವಾದ ಚಳಿಯಲ್ಲಿ ಡೀಸೆಲ್ ಏನಾಗುತ್ತೆ ಅಂತ ಅಲ್ಲಿ ನೋಡಬೇಕು. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತೆ. ಚಳಿ ಹೆಚ್ಚಾದರೆ ಅದು ಸಣ್ಣ ಹರಳಾಗಿ ಫಿಲ್ಟರ್ ಪೇಪರನ್ನು ಮುಚ್ಚುತ್ತೆ. ಆಗ ಗಾಡಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ, ಎಳೆತ ಸತ್ತು ನಿಲ್ಲುತ್ತೆ. ಫಿಲ್ಟರ್ ಬಿಚ್ಚಿದರೆ ಒಳಗೆ ಮಸುಕಾಗಿ ತುಪ್ಪ ಹೆಪ್ಪುಗಟ್ಟಿದ ಹಾಗೆ ಇರುತ್ತೆ. ನಿಮ್ಮ ಗಾಡಿಯ ಲಕ್ಷಣ ಅದಲ್ಲ.

ನಮ್ಮ ದೇಶದಲ್ಲಿ ಡೀಸೆಲ್‌ಗೆ ಐಎಸ್ 1460 ಅಂತ ಗುಣಮಟ್ಟ ಇದೆ. ಅದರಲ್ಲಿ ಚಳಿಗಾಲಕ್ಕೇ ಬೇರೆ ಲೆಕ್ಕ. ನವೆಂಬರ್‌ನಿಂದ ಫೆಬ್ರವರಿವರೆಗೆ ಬರುವ ಡೀಸೆಲ್ 6 ಡಿಗ್ರಿವರೆಗೂ ಫಿಲ್ಟರ್ ಕಟ್ಟಿಸಬಾರದು. ದುರ್ಗದಲ್ಲಿ ಆ ಮಟ್ಟ ಮುಟ್ಟುವುದೇ ಇಲ್ಲ. ಲಡಾಖ್‌ನಂಥ ಕಡೆಗೆ ಅದೂ ಸಾಲದು ಅಂತ ಇಂಡಿಯನ್ ಆಯಿಲ್‌ನವರು 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಬೇರೆ ಡೀಸೆಲ್ ತಂದರು. ಅಂಥ ಚಳಿಗೇ ಡೀಸೆಲ್ ಬೇರೆ ಮಾಡಬೇಕಾಯಿತು, ನಮ್ಮ ಚಳಿಗೆ ಸೀಮೆಎಣ್ಣೆ ಯಾಕೆ ಬೇಕು? ಇನ್‌ಲೈನ್ ಪಂಪಿನ ಎಲಿಮೆಂಟ್‌ಗೆ (ಡೀಸೆಲ್ ಒತ್ತುವ ಒಳಭಾಗ), ನಾಜಲ್ ಸೂಜಿಗೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಯಲ್ಲಿ ಆ ಜಿಡ್ಡು ಇಲ್ಲ. ಇವತ್ತು ಸ್ಟಾರ್ಟ್ ಆದರೂ ಎಲಿಮೆಂಟ್ ಸವೆದು ಮುಂದಿನ ವರ್ಷ ಬಿಸಿಯಲ್ಲೂ ಸ್ಟಾರ್ಟ್ ಆಗದ ಸ್ಥಿತಿ ಬರುತ್ತೆ.

ಟ್ಯಾಂಕಿನ ಕೆಳಗೆ, ಆಯಿಲ್ ಚೇಂಬರ್ ಕೆಳಗೆ ಬೆಂಕಿ ಹಾಕುವುದು, ಡೀಸೆಲ್ ಬಟ್ಟೆ ಹೊತ್ತಿಸಿ ಏರ್ ಕ್ಲೀನರ್ ಬಾಯಿಗೆ ಹಿಡಿಯುವುದು, ಇದನ್ನೂ ಕೆಲವರು ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಗ್ರೀಸ್, ಆಯಿಲ್ ಹಿಡಿದಿರುವ ಗಾಡಿ ಹೊತ್ತಿಕೊಳ್ಳಲು ಕ್ಷಣ ಸಾಕು, ಮೇಲೆ ಮೆಕ್ಕೆಜೋಳದ ಚೀಲ ಇದ್ದರೆ ಕೇಳುವುದೇ ಬೇಡ.

ಸ್ಪ್ರೇ ಅಂದರೆ ಈಥರ್. ಪಿಸ್ಟನ್ ಮೇಲೆ ಬರುವ ಮೊದಲೇ ಹೊತ್ತಿಕೊಂಡು ಅದನ್ನು ಕೆಳಕ್ಕೆ ಬಡಿಯುತ್ತೆ. ರಿಂಗ್ ತುಂಡಾಗಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ಮ್ಯಾನಿಫೋಲ್ಡ್ ಹೀಟರ್ ಇರುವ ಗಾಡಿಗೆ ಹೊಡೆದರೆ ಅಲ್ಲೇ ಸ್ಫೋಟ ಆಗುತ್ತೆ. ಒಂದು ಸಲ ರುಚಿ ಕಂಡರೆ ಡ್ರೈವರ್ ದಿನಾ ಹೊಡೆಯುತ್ತಾನೆ, ದೋಷ ಮಾತ್ರ ಹಾಗೇ ಉಳಿಯುತ್ತೆ.

ಯಾವ ಎಂಜಿನ್ ಆಯಿಲ್ ಹಾಕಿದ್ದೀರಿ ಅಂತಲೂ ನೋಡಿ. 15ಡಬ್ಲ್ಯೂ-40 ಇದ್ದರೆ ಚಿಂತೆ ಇಲ್ಲ. ಹಳೆಯ ಗಾಡಿ ಅಂತ ಯಾರಾದರೂ ಮಂದ 40 ನಂಬರ್ ಆಯಿಲ್ ಹಾಕಿದ್ದರೆ ಬೆಳಗ್ಗೆ ಸೆಲ್ಫ್‌ಗೆ ಅದೇ ದೊಡ್ಡ ಭಾರ.

ದುರ್ಗದ ಲಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಒಂದೊಂದೇ ನೋಡಿದೆ.

ಬ್ಯಾಟರಿ ಬೆಳಗ್ಗೆ ಅಳೆದರೆ ಹೊಸದು 12.6 ಇದೆ, ಹಳೆಯದು 12.1. ಸೆಲ್ಫ್ ಹೊಡೆಯುವಾಗ ಎರಡೂ ಸೇರಿ 18ಕ್ಕೆ ಬೀಳುತ್ತೆ. ಹರಿಹರದವರು ಹೇಳಿದ್ದು ಕಣ್ಣಾರೆ ನೋಡಿದ ಹಾಗಿತ್ತು. ಟೇಪಿಗೂ ಮೊಬೈಲ್ ಚಾರ್ಜರ್‌ಗೂ ಹಳೆಯ ಬ್ಯಾಟರಿಯಿಂದಲೇ ವೈರ್ ಹೋಗಿದೆ, ಗಾಡಿ ತಗೊಂಡಾಗಿನಿಂದ ಹಾಗೇ ಇದೆ. ಅರ್ತ್ ಪಟ್ಟಿ ಬಿಚ್ಚಿದರೆ ಚಾಸಿ ಕಡೆ ಹಸಿರು ಕಿಲುಬು. ಉಜ್ಜಿ ಕಟ್ಟಿದ ಮೇಲೆ ಸೆಲ್ಫ್ ಸದ್ದೇ ಬದಲಾಯಿತು.

ಹ್ಯಾಂಡ್ ಪಂಪ್ ವಿಷಯದಲ್ಲಿ ಮೇಸ್ತ್ರಿ ಅಂದಾಜು ಸರಿ. ಬೆಳಗ್ಗೆ ಹೊಡೆದರೆ ಕೈಗೆ ಏನೂ ಸಿಗುವುದೇ ಇಲ್ಲ, ತುಂಬಾ ಹೊತ್ತು ಹೊಡೆದ ಮೇಲೆ ಗಟ್ಟಿಯಾಯಿತು. ಏರ್ ತೆಗೆದು, ಪೆಡಲ್ ಪೂರ್ತಿ ಒತ್ತಿ ಹೊಡೆದೆ, ಹಳೆಯ ಬ್ಯಾಟರಿಯಲ್ಲೇ ಹಿಡಿಯಿತು. ಸೆಡಿಮೆಂಟರ್ ಬಿಚ್ಚಿದಾಗ ರಬ್ಬರ್ ವಾಷರ್ ಚಪ್ಪಟೆಯಾಗಿ ಒಂದು ಕಡೆ ಸೀಳಿತ್ತು, ಬೌಲಿನ ತಳದಲ್ಲಿ ನೀರೂ ಇತ್ತು. ವಾಷರ್ ಹೊಸದು ಹಾಕಿದೆ. ಟ್ಯಾಂಕ್ ಹತ್ತಿರದ ಹೋಸೂ ಬದಲಾಯಿಸಿದೆ. ಸ್ಟಾಪ್ ಲಿವರ್ ಸರಿಯಾಗಿ ವಾಪಸ್ ಬರುತ್ತೆ.

ಈಗ ಬೆಳಗ್ಗೆ ಹ್ಯಾಂಡ್ ಪಂಪ್ ಮುಟ್ಟಿದ ಕೂಡಲೇ ಗಟ್ಟಿ ಇದೆ, ಗಾಡಿ ಹಿಡಿಯುತ್ತೆ. ಆದರೆ ಹಿಡಿದ ಮೇಲೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುತ್ತೆ, ಒಂದು ಸಿಲಿಂಡರ್ ಮಿಸ್ ಹೊಡೆದ ಹಾಗೆ ಎಂಜಿನ್ ಅಲುಗಾಡುತ್ತೆ, ಆಮೇಲೆ ಸರಿ ಹೋಗುತ್ತೆ. ಇದಕ್ಕೆ ಹಾಫ್ ಎಂಜಿನ್ ಬೇಕಾ? ಬ್ಯಾಟರಿ ಜೋಡಿ ಈ ತಿಂಗಳ ಬಾಡಿಗೆ ಬಂದ ಮೇಲೆ ತಗೊಳ್ಳುತ್ತೇನೆ.

ಡೀಸೆಲ್ ಮೇಸ್ತ್ರಿ, ದಾವಣಗೆರೆ

ಬೇಡ. ಹಾಫ್ ಎಂಜಿನ್ ಮಾತು ಇನ್ನೂ ದೂರ ಇದೆ.

ಬೌಲಿನಲ್ಲಿ ನೀರು ಇತ್ತು ಅಂದಿರಲ್ಲ, ಅದನ್ನು ಹಗುರವಾಗಿ ತಗೋಬೇಡಿ. ಅರ್ಧ ಖಾಲಿ ಟ್ಯಾಂಕ್ ರಾತ್ರಿ ಚಳಿಯಲ್ಲಿ ನಿಂತರೆ ಒಳಗಿನ ಗಾಳಿಯ ತೇವ ತಗಡಿಗೆ ಹನಿಯಾಗಿ ಕೆಳಗೆ ಇಳಿಯುತ್ತೆ. ಚಳಿಗಾಲ ಮುಗಿಯುವ ತನಕ ಸಂಜೆಯೇ ಡೀಸೆಲ್ ಹಾಕಿಸಿ ನಿಲ್ಲಿಸಿ, ವಾರಕ್ಕೊಂದು ಸಲ ಸೆಡಿಮೆಂಟರ್ ನೀರು ಬಿಡಿ. ನಾಜಲ್ ಕೆಡಿಸುವುದು ಮುಖ್ಯವಾಗಿ ಇದೇ ನೀರು.

ಇನ್ನು ಆ ಒಂದು ಸಿಲಿಂಡರ್. ಬೆಳಗ್ಗೆ ಎಂಜಿನ್ ಅಲುಗಾಡುವಾಗಲೇ ಒಂದೊಂದಾಗಿ ನಾಜಲ್ ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿ ಬಿಗಿ ಮಾಡಬೇಕು. ಯಾವುದನ್ನು ಸಡಿಲ ಮಾಡಿದಾಗ ಎಂಜಿನ್ ಸದ್ದಿನಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರ್. ಇದನ್ನು ನೀವು ಮಾಡಬೇಡಿ, ಕೈ ಪಳಗಿದ ಮೆಕ್ಯಾನಿಕ್ ಹತ್ತಿರ ಮಾಡಿಸಿ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುವಷ್ಟು ಒತ್ತಡದಲ್ಲಿ ಇರುತ್ತೆ, ಬಟ್ಟೆ ಸುತ್ತಿಕೊಂಡು ಮುಖ ದೂರ ಇಟ್ಟು ಮಾಡುವ ಕೆಲಸ. ಸಿಲಿಂಡರ್ ಗೊತ್ತಾದರೆ ಆ ನಾಜಲ್ ಬಿಚ್ಚಿ ಟೆಸ್ಟರ್‌ಗೆ ಹಾಕಿ. ಮಂಜಿನ ಥರ ಸಿಡಿಯಬೇಕು, ತುದಿಯಲ್ಲಿ ಹನಿ ನಿಲ್ಲಬಾರದು. ಹನಿ ಬಿದ್ದರೆ ಚಳಿಯಲ್ಲಿ ಅದು ಉರಿಯುವುದಿಲ್ಲ, ಹೊಗೆಯಾಗಿ ಬರುತ್ತೆ. ನಾಜಲ್ ಬಿಚ್ಚಿದ ಕೈಯಲ್ಲೇ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮೇಲಿನ ಸಂದಿ) ಸೆಟ್ ಮಾಡಿಸಿಬಿಡಿ. ಸಂದಿ ಇಲ್ಲದೆ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಆ ಸಿಲಿಂಡರಿನ ಕಂಪ್ರೆಷನ್ ಸೋರುತ್ತೆ.

ನಾಜಲ್ ಒಳ್ಳೆಯದೇ ಇದ್ದರೆ ಮಾತ್ರ ಕಂಪ್ರೆಷನ್ ಗೇಜ್ ಹಾಕಿಸಿ. ಅದಕ್ಕೂ ಮೊದಲು ಮನೆಯಲ್ಲೇ ನೋಡುವುದಾದರೆ, ಎಂಜಿನ್ ಬಿಸಿಯಾದ ಮೇಲೆ ಸ್ಲೋನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬ್ಯಾಕ್ ಕಂಪ್ರೆಷನ್ (ರಿಂಗ್ ದಾಟಿ ಕೆಳಗೆ ಬರುವ ಗಾಳಿ) ಜೋರಾಗಿ ಹೊಗೆ ಸಮೇತ ಬುಸುಗುಟ್ಟುತ್ತಿದ್ದರೆ ರಿಂಗ್, ಲೈನರ್ ಮಾತು ಆಡಬಹುದು. ಆಯಿಲ್ ಇಳಿಯುವುದಿಲ್ಲ, ಎಳೆತ ಇದೆ ಅಂತ ನೀವೇ ಬರೆದಿದ್ದೀರಿ. ಅಂಥ ಎಂಜಿನ್ ಬಿಚ್ಚುವುದು ಬೇಡ.

ಜಗಳೂರು ಟಿಪ್ಪರ್

ಮೇಸ್ತ್ರಿಗಳೇ, ನಮ್ಮದು ಬಿಎಸ್ 6 ಟಿಪ್ಪರ್. ಇದೇ ಥರ ಬೆಳಗ್ಗೆ ಎರಡು ಮೂರು ಸಲ ಸೆಲ್ಫ್ ಬೇಕು. ನಾವೂ ನಾಜಲ್ ಪೈಪ್ ಸಡಿಲ ಮಾಡಿ ನೋಡಬಹುದಾ?

ಡೀಸೆಲ್ ಮೇಸ್ತ್ರಿ, ದಾವಣಗೆರೆ

ಯಾವ ಕಾರಣಕ್ಕೂ ಬೇಡ ತಮ್ಮ. ನಿಮ್ಮದು ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವುದು), ಅದರಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ, ಸಡಿಲ ಮಾಡಿದರೆ ಬೆರಳು ಹೋಗುತ್ತೆ. ಅದರ ದಾರಿಯೇ ಬೇರೆ. ಕೀ ಆನ್ ಮಾಡಿ, ಮೀಟರ್ ಬೋರ್ಡಿನಲ್ಲಿ ಸ್ಪ್ರಿಂಗ್ ಗುರುತಿನ ಲೈಟ್ ಬಂದರೆ ಅದು ಆರುವ ತನಕ ಕಾಯಿರಿ, ಆಮೇಲೆ ಪೆಡಲ್ ಮುಟ್ಟದೆ ಸೆಲ್ಫ್ ಹೊಡೆಯಿರಿ, ಡೀಸೆಲ್ ಎಷ್ಟು ಬೇಕು ಅಂತ ಇಸಿಎಂ ನೋಡಿಕೊಳ್ಳುತ್ತೆ. ಬ್ಯಾಟರಿ ಪರೀಕ್ಷೆ ನಿಮಗೂ ಅದೇ, ಇನ್ನೂ ಮುಖ್ಯ, ಯಾಕೆಂದರೆ ವೋಲ್ಟೇಜ್ ತೀರಾ ಬಿದ್ದರೆ ಇಸಿಎಂ ಇಂಜೆಕ್ಟರ್ ತೆರೆಯುವುದೇ ಇಲ್ಲ. ಆಮೇಲೂ ತೊಂದರೆ ಇದ್ದರೆ ಸ್ಕ್ಯಾನರ್ ಹಾಕಿಸಿ, ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ ಎಷ್ಟು ಬೇಗ ಏರುತ್ತೆ ನೋಡಿಸಿ. ಏರದಿದ್ದರೆ ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರಿನಿಂದ ವಾಪಸ್ ಹರಿಯುವ ಡೀಸೆಲ್) ಅಳೆಯಬೇಕು.

ಹರಿಹರ ಆಟೊ ಎಲೆಕ್ಟ್ರಿಕಲ್

ದುರ್ಗದ ಅಣ್ಣ, ಹೊಸ ಜೋಡಿ ಬರುವ ತನಕ ಒಂದು ಕೆಲಸ ಮಾಡಿ. ಆ ಟೇಪಿನ ವೈರ್ ಇವತ್ತೇ ಬಿಚ್ಚಿ. ಹಳೆಯ ಬ್ಯಾಟರಿಯನ್ನು ಕೇಬಲ್ ಬಿಡಿಸಿ, ಒಂದು ರಾತ್ರಿ 12 ವೋಲ್ಟ್ ಚಾರ್ಜರ್‌ಗೆ ನಿಧಾನವಾಗಿ ಚಾರ್ಜ್ ಹಾಕಿಸಿ. ಮರುದಿನ ಬೆಳಗ್ಗೆ 12.5 ಮೇಲೆ ನಿಂತರೆ ಅದು ಇನ್ನೂ ಸ್ವಲ್ಪ ದಿನ ದುಡಿಯುತ್ತೆ. ಮತ್ತೆ 12.1ಕ್ಕೆ ಬಿದ್ದರೆ ಒಳಗೆ ಸೆಲ್ ಹೋಗಿದೆ, ಕಾಯಬೇಡಿ. ಎಂಜಿನ್ ಓಡುವಾಗ ಆಲ್ಟರ್ನೇಟರ್ 27.5ರಿಂದ 28.5ರೊಳಗೆ ಕೊಡುತ್ತಿದೆಯಾ ಅಂತಲೂ ಒಂದು ಸಲ ಅಳೆದು ಇಲ್ಲಿ ಹಾಕಿ. ಕಡಿಮೆ ಇದ್ದರೆ ಹೊಸ ಬ್ಯಾಟರಿಯೂ ಹೀಗೇ ಹಾಳಾಗುತ್ತೆ. ಕನ್ವರ್ಟರ್ ಹಾಕಿಸುವಾಗ ಅದರ ವೈರ್ ಎರಡೂ ಬ್ಯಾಟರಿ ಸೇರಿದ 24 ವೋಲ್ಟ್‌ನಿಂದ ಬರಬೇಕು, ಮಧ್ಯೆ ಫ್ಯೂಸ್ ಇರಲೇಬೇಕು.